ಜ್ವರ ಬಿಟ್ಟಿತು, ಕಾಯಿಲೆ ಬಿಡಲಿಲ್ಲ

ಹಿಂಜವಡಿಯಲ್ಲಿ ನನ್ನ ಜೊತೆ ಕೆಲಸ ಮಾಡ್ತಿದ್ದ ಹುಬ್ಬಳ್ಳಿ ಹುಡುಗನೊಬ್ಬನಿಗೆ 2021ರ ಎರಡನೇ ಅಲೆಯಲ್ಲಿ ಕೋವಿಡ್ ಬಂತು. ಎರಡು ವಾರಕ್ಕೆ ನೆಗೆಟಿವ್ ಆದ, ಲಾಗಿನ್ ಆದ. ನಾಲ್ಕು ತಿಂಗಳಾದರೂ ಎರಡು ಮಹಡಿ ಹತ್ತಿದರೆ ಎದೆ ಡವಡವ. ತಾನೇ ಬರೆದ ಕೋಡ್ ಮುಂದಿಟ್ಟುಕೊಂಡು ಸುಮ್ಮನೆ ಕೂತಿರ್ತಿದ್ದ. "ಅಣ್ಣಾ, ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವ್ರಿ, ನಾನೇ ನಾರ್ಮಲ್ ಇಲ್ರಿ" ಅಂದ.

ಆಗ ಪ್ರತಿ ಸಂಜೆ ಬರ್ತಿದ್ದ ಸರ್ಕಾರಿ ಬುಲೆಟಿನ್ ನೆನಪಿದೆಯಲ್ಲ? ಹೊಸ ಪ್ರಕರಣ, ಸಕ್ರಿಯ, ಬಿಡುಗಡೆ, ಸಾವು. ಇವನು 'ಬಿಡುಗಡೆ' ಕಾಲಂನಲ್ಲಿ ಸೇರಿಹೋಗಿದ್ದ. ಇವನಂಥವರಿಗೆ ಬೇರೆ ಕಾಲಂ ಇರಲಿಲ್ಲ.

ಆ ಸ್ಥಿತಿಗೆ ಹೆಸರು ಕೊಟ್ಟದ್ದು ಡಾಕ್ಟರಲ್ಲ. ಇಟಲಿಯ ಎಲಿಸಾ ಪೆರೆಗೊ ಅನ್ನೋ ಪುರಾತತ್ವ ಸಂಶೋಧಕಿ, ಸ್ವತಃ ಕಾಯಿಲೆ ಬಿದ್ದವರು, 2020ರ ಮೇನಲ್ಲಿ ಟ್ವಿಟರ್‌ನಲ್ಲಿ 'ಲಾಂಗ್ ಕೋವಿಡ್' ಅಂತ ಬರೆದರು. ವಿಶ್ವ ಆರೋಗ್ಯ ಸಂಸ್ಥೆ ವ್ಯಾಖ್ಯಾನ ಕೊಟ್ಟದ್ದು 2021ರ ಅಕ್ಟೋಬರ್‌ನಲ್ಲಿ: ಸೋಂಕು ತಗುಲಿ ಸಾಮಾನ್ಯವಾಗಿ 3 ತಿಂಗಳಾದ ಮೇಲೂ ಇರುವ, ಕನಿಷ್ಠ 2 ತಿಂಗಳು ಕಾಡುವ, ಬೇರೆ ರೋಗದಿಂದ ವಿವರಿಸಲಾಗದ ಲಕ್ಷಣಗಳು.

ಆದರೆ ಇದು ನಮಗೆ ಹೊಸದಾ? ಪುಣೆಯಲ್ಲಿರೋ ಕನ್ನಡಿಗರು ಈ ಪ್ರಶ್ನೆ ಕೇಳಲೇಬೇಕು. ಯಾಕಂದ್ರೆ ಇದರ ಉತ್ತರ ಇರೋದು ನಮ್ಮೂರುಗಳಿಗೂ ಪುಣೆಗೂ ಇರೋ ಹಳೇ ನಂಟಿನಲ್ಲಿ. ಪಾಷಾಣ್ ಕಡೆ ಹೋಗುವಾಗ ಎನ್‌ಐವಿ, ಅಂದರೆ ರಾಷ್ಟ್ರೀಯ ವೈರಾಣು ಸಂಸ್ಥೆಯ ಬೋರ್ಡು ನೋಡಿರ್ತೀರಿ. 2020ರ ಮಾರ್ಚ್‌ನಲ್ಲಿ ಭಾರತದ ರೋಗಿಗಳಿಂದ ಕೊರೊನಾ ವೈರಸ್ ಬೇರ್ಪಡಿಸಿದ್ದು ಈ ಸಂಸ್ಥೆ. ಇದು ಶುರುವಾದದ್ದು 1952ರಲ್ಲಿ, ವೈರಸ್ ರಿಸರ್ಚ್ ಸೆಂಟರ್ ಅನ್ನೋ ಹೆಸರಲ್ಲಿ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯತೊಡಗಿದವು. ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದವರು ಜ್ವರ ಬಂದು ಮಲಗಿದರು. ಹಳದಿ ಜ್ವರ ಏಷ್ಯಾಕ್ಕೂ ಕಾಲಿಟ್ಟಿತಾ ಅಂತ ವಿಜ್ಞಾನಿಗಳಿಗೆ ಅನುಮಾನ. ಪುಣೆಯಿಂದ ತಂಡ ಹೋಯಿತು, ವೈರಸ್ ಸಿಕ್ಕಿತು. ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ, ರಷ್ಯಾದ ಕಾಡುಗಳ ಮಿದುಳು ಜ್ವರಕ್ಕೆ ಹತ್ತಿರದ ಇನ್ನೊಂದು. ನಾವು ಮಂಗನ ಕಾಯಿಲೆ ಅಂತೀವಿ. ಅದರಲ್ಲಿ ಜ್ವರ ಇಳಿದು ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಜ್ವರ, ವಿಪರೀತ ತಲೆನೋವು, ನಡುಕ. ಬದುಕಿ ಉಳಿದವರಿಗೂ ಸುಸ್ತು ಬಹಳ ದಿನ ಹೋಗುತ್ತಿರಲಿಲ್ಲ. ಕೂಲಿ ಮಾಡಿ ಉಣ್ಣೋ ಮನೆಯಲ್ಲಿ ಆ ದಿನಗಳ ಬೆಲೆ ಏನು ಅಂತ ನೀವೇ ಯೋಚಿಸಿ.

ಇನ್ನೂ ಹತ್ತಿರದ್ದು ಚಿಕೂನ್‌ಗುನ್ಯಾ. 1973ರಲ್ಲಿ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಹಬ್ಬಿ, ಆಮೇಲೆ ಮೂರು ದಶಕ ಹೆಚ್ಚುಕಮ್ಮಿ ಸದ್ದಿಲ್ಲದೆ ಇತ್ತು. 2005ರ ಕೊನೆಗೆ ವಾಪಸ್ ಬಂತು. ಈ ಸಲದ್ದು ಆಫ್ರಿಕಾದ ತಳಿ ಅಂತ ಗುರುತಿಸಿದ್ದೂ ಪುಣೆಯ ಇದೇ ಸಂಸ್ಥೆ. 2006ರಲ್ಲಿ ಕರ್ನಾಟಕ ಒಂದರಲ್ಲೇ 7.5 ಲಕ್ಷದಷ್ಟು ಶಂಕಿತ ಪ್ರಕರಣ, ದೇಶದಲ್ಲೇ ಅತಿ ಹೆಚ್ಚು. ಸಾವು? ಸರ್ಕಾರಿ ಲೆಕ್ಕದಲ್ಲಿ ಸೊನ್ನೆ. ಸಾವಿಲ್ಲದ ರೋಗ ಅಂದ್ಮೇಲೆ ದೊಡ್ಡದೇನಲ್ಲ ಅಂತಾಯ್ತು.

ಚಿಕೂನ್‌ಗುನ್ಯಾ ಅನ್ನೋದು ಟಾಂಜಾನಿಯಾ ಕಡೆಯ ಮಕೊಂಡೆ ಭಾಷೆಯ ಪದ, 'ಬಾಗಿಸಿ ಹಾಕುವಂಥದ್ದು' ಅಂತ ಅರ್ಥ. (ಕೋಳಿ ತಿಂದರೆ ಬರುತ್ತೆ ಅಂತ ನಮ್ಮೂರಲ್ಲಿ ಚಿಕನ್ ಬಿಟ್ಟವರಿದ್ದರು, ಹೆಸರಿನ ಮಹಿಮೆ.) ಜ್ವರ ವಾರದೊಳಗೆ ಹೋಗುತ್ತೆ, ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಚಿತ್ರದುರ್ಗದ ಕಡೆ ಇದ್ದ ನಮ್ಮ ಚಿಕ್ಕಮ್ಮ ಬೆಳಿಗ್ಗೆ ಎದ್ದರೆ ಮುಷ್ಟಿ ಬಿಗಿಯೋಕೆ ಆಗ್ತಿರಲಿಲ್ಲ. ವಯಸ್ಸಾಯ್ತು, ವಾಯು ಅಂದರು. ಆಗ ಅವರಿಗೆ ನಲವತ್ತೆರಡು.

ಅಂದರೆ ವೈರಸ್ಸಿಗೆ ಹೆಸರು ಕೊಡೋದನ್ನ ಪುಣೆ ಪ್ರತಿ ಸಲ ಚೆನ್ನಾಗಿ ಮಾಡಿದೆ. ಆಮೇಲೆ ಉಳಿದ ನೋವನ್ನ ಎಣಿಸೋ ಅಭ್ಯಾಸ ಮಾತ್ರ ನಮ್ಮ ವ್ಯವಸ್ಥೆಗೆ ಬರಲೇ ಇಲ್ಲ. ಪ್ರಯೋಗಾಲಯದ ತಪ್ಪಲ್ಲ ಅದು, ಲೆಕ್ಕ ಬರೆಯೋರ ತಪ್ಪು ಅಂತ ನನ್ನ ಅನಿಸಿಕೆ.

ಲಾಂಗ್ ಕೋವಿಡ್‌ಗೆ ಇವತ್ತಿಗೂ ಒಂದೇ ಒಂದು ರಕ್ತ ಪರೀಕ್ಷೆ ಅಂತಿಲ್ಲ. ವೈರಸ್ಸಿನ ಚೂರುಗಳು ದೇಹದಲ್ಲೇ ಉಳಿದಿರಬಹುದು, ರೋಗನಿರೋಧಕ ವ್ಯವಸ್ಥೆ ಆಫ್ ಆಗದೇ ಇರಬಹುದು, ಸಣ್ಣ ಸಣ್ಣ ರಕ್ತದ ಹೆಪ್ಪುಗಳಿರಬಹುದು. ಎಲ್ಲದರ ಮೇಲೂ ಸಂಶೋಧನೆ ನಡೀತಿದೆ. ಆದರೆ ನಮ್ಮಂಥ ಡೆಡ್‌ಲೈನ್ ಜನ ತಿಳ್ಕೋಬೇಕಾದ್ದು ಒಂದಿದೆ: ಅನೇಕರಲ್ಲಿ ಶಕ್ತಿ ಮೀರಿ ದುಡಿದರೆ ಒಂದೆರಡು ದಿನ ಬಿಟ್ಟು ಲಕ್ಷಣಗಳು ಜೋರಾಗ್ತವೆ. ಸ್ವಲ್ಪ ಪುಶ್ ಮಾಡು, ಸರಿಹೋಗುತ್ತೆ ಅನ್ನೋ ಸಲಹೆ ಅಂಥವರಿಗೆ ಕೇಡು. ಆ ಹುಡುಗನಿಗೆ ಅದನ್ನ ಹೇಳಿದವರಲ್ಲಿ ನಾನೂ ಒಬ್ಬ.

ಈ ವಿಡಿಯೋಗೆ ತಯಾರಿ ಮಾಡುವಾಗ ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. "ನೀರಿನ ಬಿಂದಿಗೆ ಎತ್ತೋಕೆ ಎರಡು ವರ್ಷ ಬೇಕಾಯ್ತು ಕಣಪ್ಪ. ಈಗ್ಯಾಕೆ ಕೇಳ್ತಿದ್ದೀಯ?" ಅಂದರು.

ನಿಮ್ಮ ಮನೆಗೂ ಫೋನ್ ಮಾಡಿ, 2006ರ ಕಥೆ ಕೇಳಿ, ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ವಾರ ಸಿಗೋಣ.