ರಾಣಿಖೇತದ ರೋಗ, ರಾಣಿಪೇಟೆಯ ಮದ್ದು

ಕೋಳಿಗಳು ಬಿಳಿ ಭೇದಿ ಮಾಡಿ, ಕತ್ತು ತಿರುಚಿಕೊಂಡು, ಮಂಕರಿ ಮಂಕರಿಯೇ ಖಾಲಿಯಾಗುವ ರೋಗವನ್ನು ನಮ್ಮ ತಾಳವಾಡಿ ಸೀಮೆಯಲ್ಲಿ ಎಲ್ಲರೂ ಕಂಡಿದ್ದೇವೆ. ಕನ್ನಡದಲ್ಲಿ ಇದಕ್ಕೆ ಕೊಕ್ಕರೆ ರೋಗ ಎನ್ನುತ್ತಾರೆ. ಘಟ್ಟದ ಕೆಳಗಿನ ತಮಿಳರು ವೆಳ್ಳೈ ಕಳಿಚ್ಚಲ್ ಎನ್ನುತ್ತಾರೆ. ದನದ ಆಸ್ಪತ್ರೆಯವರು ಚೀಟಿಯಲ್ಲಿ ರಾಣಿಖೇತ ರೋಗ ಅಂತ ಬರೆಯುತ್ತಾರೆ. ಇದಕ್ಕೆ ಹಾಕುವ ಲಸಿಕೆ ನಮಗೆ ರಾಣಿಪೇಟೆಯಿಂದ ಬರುತ್ತದೆ.

ಈ ಎರಡು ಹೆಸರು ಕಿವಿಗೆ ಒಂದೇ ಥರ ಕೇಳುತ್ತವೆ. ನಾನು ಚಿಕ್ಕವನಾಗಿದ್ದಾಗ ರೋಗವೂ ರಾಣಿಪೇಟೆಯದೇ, ಮದ್ದೂ ರಾಣಿಪೇಟೆಯದೇ ಅಂತ ನಮ್ಮೂರಿನ ಹಿರಿಯರು ತಿಳಿದಿದ್ದರು. "ರೋಗ ಬುಟ್ಟವ್ರೇ ಮದ್ದೂ ಕಳುಸ್ತಾವ್ರೆ ಕನ" ಅಂತ ಜಗಲಿ ಮೇಲೆ ಕೂತು ಆಡಿಕೊಂಡಿದ್ದನ್ನು ನಾನೇ ಕೇಳಿದ್ದೇನೆ. ಆ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ. ಅದಕ್ಕೇ ಈ ಎರಡು ಊರುಗಳ ಕಥೆಯನ್ನು ಬಿಡಿಸಿ ಬರೆಯೋಣ ಅನ್ನಿಸಿತು.

ರಾಣಿಪೇಟೆ ತಮಿಳುನಾಡಿನ ಪಾಲಾರ್ ನದಿಯ ದಡದ ಊರು, ಮೊದಲು ಉತ್ತರ ಆರ್ಕಾಟ್ ಜಿಲ್ಲೆಯಲ್ಲಿತ್ತು. ರಾಣಿಖೇತ ಇರುವುದು ಹಿಮಾಲಯದ ಕುಮಾವ್ ಬೆಟ್ಟಗಳಲ್ಲಿ, ಈಗಿನ ಉತ್ತರಾಖಂಡದಲ್ಲಿ. ಎರಡರ ನಡುವೆ ಹೆಚ್ಚುಕಡಿಮೆ ಇಡೀ ಭಾರತವೇ ಇದೆ.

ಈ ರೋಗವನ್ನು ವಿಜ್ಞಾನಿಗಳು ಗುರುತು ಹಿಡಿದದ್ದು 1926ರಲ್ಲಿ. ಅದೇ ವರ್ಷ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಹತ್ತಿರವೂ ಕೋಳಿಗಳು ರಾಶಿ ರಾಶಿ ಸತ್ತವು. ಡಾಯ್ಲ್ ಎಂಬ ವಿಜ್ಞಾನಿ ಇದು ಹಳೆಯ ಕೋಳಿ ಪ್ಲೇಗ್ ಅಲ್ಲ, ಬೇರೆಯೇ ವೈರಸ್ಸಿನಿಂದ ಬರುವ ರೋಗ ಎಂದು 1927ರಲ್ಲಿ ತೋರಿಸಿ ನ್ಯೂಕ್ಯಾಸಲ್ ರೋಗ ಎಂದು ಕರೆದ. ಹೊರದೇಶಗಳಲ್ಲಿ ಇವತ್ತಿಗೂ ಅದೇ ಹೆಸರು. ಸುಮಾರು ಅದೇ ಹೊತ್ತಿಗೆ ನಮ್ಮ ರಾಣಿಖೇತದಲ್ಲೂ ಕೋಳಿ ಸತ್ತವು. ಅಲ್ಲಿಗೆ ಹತ್ತಿರದ ಮುಕ್ತೇಶ್ವರದಲ್ಲಿ ಸರ್ಕಾರದ ಪಶು ಸಂಶೋಧನಾಲಯ ಇತ್ತು. 1889ರಲ್ಲಿ ಪುಣೆಯಲ್ಲಿ ಶುರುವಾಗಿ 1893ರಲ್ಲಿ ಬೆಟ್ಟಕ್ಕೆ ಹೋದ ಸಂಸ್ಥೆ ಅದು. ದನಗಳ ದೊಡ್ಡರೋಗಕ್ಕೆ ಮದ್ದು ಹುಡುಕುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಅಲ್ಲಿನ ಎಡ್ವರ್ಡ್ಸ್ ಎಂಬುವರು ಕೋಳಿಗಳ ಈ ರೋಗವನ್ನು ಪರೀಕ್ಷಿಸಿ ವರದಿ ಬರೆದರು. ಹಾಗಾಗಿ ಭಾರತದಲ್ಲಿ ರಾಣಿಖೇತ ರೋಗ ಎಂಬ ಹೆಸರು ನಿಂತಿತು. ರೋಗ ಮೊದಲು ಕಣ್ಣಿಗೆ ಬಿದ್ದ ಊರಿನ ಹೆಸರು ಅದು ಅಷ್ಟೇ, ಊರಿನ ತಪ್ಪೇನೂ ಇಲ್ಲ.

ಇನ್ನು ಮದ್ದಿನ ಕಥೆ. ಮೊದಮೊದಲು ಕೊಂದ ವೈರಸ್ಸನ್ನು ಚುಚ್ಚಿ ನೋಡಿದರು, ಅದು ನಂಬುವಷ್ಟು ಕಾಪಾಡಲಿಲ್ಲ. ಆಮೇಲೆ ಜೀವಂತ ವೈರಸ್ಸನ್ನೇ ಪಳಗಿಸುವ ದಾರಿ ಹಿಡಿದರು. ಮರಿ ಕಟ್ಟುತ್ತಿರುವ ಮೊಟ್ಟೆಯೊಳಕ್ಕೆ ವೈರಸ್ ಬಿಡುವುದು, ಅಲ್ಲಿ ಬೆಳೆದದ್ದನ್ನು ತೆಗೆದು ಇನ್ನೊಂದು ಮೊಟ್ಟೆಗೆ, ಅದರಿಂದ ಮತ್ತೊಂದಕ್ಕೆ ದಾಟಿಸುವುದು. ಹೀಗೆ ಹಲವು ಸಲ ದಾಟಿಸಿದ ಮೇಲೆ ಅದರ ಕೊಲ್ಲುವ ಗುಣ ತಗ್ಗುತ್ತದೆ, ಆದರೆ ಕೋಳಿಯ ಮೈ ಅದನ್ನು ನೋಡಿ ನಿಜವಾದ ರೋಗಕ್ಕೆ ಎದುರು ನಿಲ್ಲುವುದನ್ನು ಕಲಿಯುತ್ತದೆ. 1940ರಲ್ಲಿ ಅಯ್ಯರ್ ಮತ್ತು ಡಾಬ್ಸನ್ ಎಂಬುವರು ಈ ಉಪಾಯ ಫಲಿಸಿತು ಎಂದು ಪ್ರಕಟಿಸಿದರು. 1946ರಲ್ಲಿ ಹ್ಯಾಡೋ ಮತ್ತು ಇದ್ನಾನಿ ನಮ್ಮ ಮುಕ್ತೇಶ್ವರದ ತಳಿಯ ಲಸಿಕೆಯ ವಿಚಾರ ಬರೆದರು. ಅದನ್ನೇ ಈಗ ಆರ್‌2ಬಿ ಎನ್ನುತ್ತೇವೆ. ರೆಕ್ಕೆಯ ಕೆಳಗೆ ಚರ್ಮದಡಿ ಚುಚ್ಚುವ ಮದ್ದು ಇದು.

ಆದರೆ ಆರ್‌2ಬಿ ಅರ್ಧ ಪಳಗಿದ ವೈರಸ್. ಬೆಳೆದ ಕೋಳಿ ತಡೆದುಕೊಳ್ಳುತ್ತದೆ, ಎಳೆ ಮರಿಗೆ ಕೊಟ್ಟರೆ ಕಾಲು ಬಿದ್ದುಹೋಗಬಹುದು, ಸಾಯಲೂಬಹುದು. ಅದಕ್ಕೇ ಇದನ್ನು 6ರಿಂದ 8 ವಾರ ಕಳೆದ ಮೇಲೆ ಹಾಕುವುದು. ಮರಿಗಳಿಗಾಗಿ ಇನ್ನೂ ಸಾಧುವಾದ ತಳಿಗಳು ಆಮೇಲೆ ಬಂದವು. ಇಂಗ್ಲೆಂಡಿನಲ್ಲಿ ಆಸ್ಪ್ಲಿನ್ 1952ರಲ್ಲಿ ವಿವರಿಸಿದ ಎಫ್ ತಳಿ ಒಂದು, ಅಮೆರಿಕದ ನ್ಯೂಜೆರ್ಸಿಯ ಕೋಳಿ ಫಾರಂ ಒಂದರಿಂದ ಬಂದ ಲಸೋಟಾ ಇನ್ನೊಂದು. ಇವನ್ನು ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಬಿಟ್ಟರೆ ಸಾಕು.

ಒಂದು ಒಳ್ಳೆಯ ಸಂಗತಿ ಏನೆಂದರೆ, ಲಸಿಕೆಯ ಲೆಕ್ಕದಲ್ಲಿ ಈ ವೈರಸ್ಸಿಗೆ ಒಂದೇ ಜಾತಿ. ಕಾಲಕಾಲಕ್ಕೆ ಕವಲೊಡೆದಿದ್ದರೂ 1940ರ ದಶಕದ ಲಸಿಕೆ ಇವತ್ತಿಗೂ ಕೋಳಿಯನ್ನು ಸಾವಿನಿಂದ ಕಾಪಾಡುತ್ತದೆ. ಹಕ್ಕಿಜ್ವರ ಹಾಗಲ್ಲ, ಅದಕ್ಕೆ ಹಲವು ಜಾತಿ. 2006ರಲ್ಲಿ ಮಹಾರಾಷ್ಟ್ರದ ನವಾಪುರಕ್ಕೆ ಅದು ಬಂದಾಗ ಸರ್ಕಾರ ಲಸಿಕೆ ಹಾಕಲಿಲ್ಲ, ಸುತ್ತಮುತ್ತಲ ಕೋಳಿಗಳನ್ನೆಲ್ಲ ಕೊಂದು ಹೂಳಿಸಿತು.

ಇಷ್ಟು ಒಳ್ಳೆಯ ಮದ್ದಿದ್ದರೂ ನಮ್ಮ ಕೋಳಿ ಯಾಕೆ ಸತ್ತವು? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ಎಂಟನೇ ತರಗತಿಯಲ್ಲಿದ್ದಾಗ ಅವ್ವನ ಹತ್ತಿರ ಹುಂಜ, ಯಾಟೆ, ಮರಿ ಎಲ್ಲ ಸೇರಿ 17 ಇದ್ದವು. ಹೊಲದ ದುಡ್ಡು ಅಪ್ಪನದು, ಕೋಳಿಯ ದುಡ್ಡು ಅವ್ವನದು. ನಮ್ಮ ನೋಟ್‌ಬುಕ್ಕು, ಅಕ್ಕನ ಬಳೆ, ಹಬ್ಬದ ಎಣ್ಣೆ ಎಲ್ಲ ಅದರಲ್ಲೇ. ಒಂದು ದಿನ ಮಧ್ಯಾಹ್ನ ಬಸ್ಸಿನಲ್ಲಿ ಒಬ್ಬರು ಬಂದು, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಸೀಸೆ ತೆಗೆದು, ಊರಿನ ಕೋಳಿಗಳಿಗೆಲ್ಲ ಚುಚ್ಚಿದರು. ವಾರ ತುಂಬುವುದರೊಳಗೆ ನಮ್ಮ ಮನೆಯಲ್ಲೇ 11 ಹೋದವು. "ಸೂಜಿ ಆಕ್ಸುದ್ದಕ್ಕೇ ಸತ್ತೋದ್ವು ಕನ ಮಗ, ಇನ್ ಬ್ಯಾಡ" ಅಂದಳು ಅವ್ವ. ಆಮೇಲೆ ಬಹಳ ವರ್ಷ ನಮ್ಮ ಬೀದಿಯಲ್ಲಿ ಯಾರೂ ಲಸಿಕೆಗೆ ಕೋಳಿ ಹಿಡಿದುಕೊಡಲಿಲ್ಲ.

ಈಗ ಯೋಚಿಸಿದರೆ ಮೂರು ಕಾರಣ ಕಾಣುತ್ತವೆ. ಲಸಿಕೆ ಹಾಕುವುದಕ್ಕೆ ಎರಡು ದಿನ ಮೊದಲೇ ಪಕ್ಕದ ಮನೆಯಲ್ಲಿ ಕೋಳಿ ಸತ್ತಿತ್ತು. ಈ ವೈರಸ್ ಮೈಗೆ ಹೊಕ್ಕ ಮೇಲೆ ರೋಗ ತೋರಲು ಸಾಮಾನ್ಯವಾಗಿ ಐದಾರು ದಿನ ಹಿಡಿಯುತ್ತದೆ, ಒಮ್ಮೊಮ್ಮೆ ಎರಡು ವಾರ. ಲಸಿಕೆ ಮೈಗೆ ಹತ್ತುವುದಕ್ಕೂ ದಿನ ಬೇಕು. ರೋಗ ಆಗಲೇ ಒಳಗಿದ್ದರೆ ಸೂಜಿ ಏನು ಮಾಡೀತು? ಎರಡನೆಯದು, ದೊಡ್ಡದಕ್ಕೂ ಎಳೆಯದಕ್ಕೂ ಒಂದೇ ಸೂಜಿ ಹಾಕಿದ್ದು. ಮೂರನೆಯದು ಬಿಸಿಲು. ಪುಡಿಯಾಗಿರುವ ಲಸಿಕೆಯನ್ನು ತಣ್ಣಗೆ ಇಡಬೇಕು, ನೀರಿಗೆ ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ರಾಣಿಪೇಟೆಯಿಂದ ಹೊರಟದ್ದು ಸತ್ಯಮಂಗಲಕ್ಕೆ ಬಂದು, ಬಣ್ಣಾರಿ ದಾಟಿ, ದಿಂಬಂ ಘಟ್ಟದ 27 ತಿರುವು ಹತ್ತಿ ನಮ್ಮೂರು ಸೇರಬೇಕು. ದಾರಿಯಲ್ಲಿ ಐಸು ಕರಗಿದರೆ ಸೀಸೆಯಲ್ಲಿ ಮಿಕ್ಕುವುದು ಬರೀ ನೀರು. ಮದ್ದು ಕೆಟ್ಟದ್ದಲ್ಲ, ಆದರೆ ಅವ್ವನ ಅನುಮಾನವೂ ದಡ್ಡತನವಲ್ಲ. ಅವಳು ಕಣ್ಣಾರೆ ಕಂಡದ್ದನ್ನು ಹೇಳಿದಳು. ಕಾರಣ ಬಿಡಿಸಿ ಹೇಳುವವರು ಅವತ್ತು ಇರಲಿಲ್ಲ.

ಈ ದಾರಿಯ ಕಷ್ಟ ನಮ್ಮೊಬ್ಬರದೇ ಅಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ 1966ರಲ್ಲಿ ಆರೋಗ್ಯವಾಗಿದ್ದ ಕೋಳಿಗಳಲ್ಲೇ ವಿ4 ಎಂಬ ನಿರುಪದ್ರವಿ ತಳಿ ಸಿಕ್ಕಿತು. ಸ್ಪ್ರಾಡ್‌ಬ್ರೋ ಮುಂತಾದವರು ಅದರಲ್ಲಿ ಶಾಖ ತಡೆಯುವುದನ್ನು ಆರಿಸಿ, 1980ರ ದಶಕದಲ್ಲಿ ಮಲೇಷ್ಯಾದವರ ಜೊತೆ ಸೇರಿ, ಕಾಳಿಗೆ ಸವರಿ ಹಳ್ಳಿ ಕೋಳಿಗೆ ತಿನ್ನಿಸಿ ನೋಡಿದರು. ಆಮೇಲೆ ಬಂದ ಐ-2 ತಳಿಯನ್ನು ಟಾಂಜಾನಿಯ, ಮೊಜಾಂಬಿಕ್ ದೇಶಗಳ ಹಳ್ಳಿಗಳಲ್ಲಿ ಕಣ್ಣಿಗೆ ತೊಟ್ಟು ಬಿಡುತ್ತಾರೆ. ನಮ್ಮ ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯವೂ ಡಿ58 ಎಂಬ ತಳಿಯಿಂದ ಕೋಳಿಗೆ ತಿನ್ನಿಸುವ ಗುಳಿಗೆ ಮಾಡಿದೆ. ಸೂಜಿಯೂ ಬೇಡ, ಕೋಳಿ ಅಟ್ಟಿ ಹಿಡಿಯುವುದೂ ಬೇಡ.

ಒಂದು ಮಾತು ಮಾತ್ರ ಮರೆಯಬಾರದು. ಲಸಿಕೆ ಕೋಳಿಯ ಜೀವ ಉಳಿಸುತ್ತದೆ, ಆದರೆ ವೈರಸ್ಸು ಮೈಗೆ ಹೊಗುವುದನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆ ಆದ ಕೋಳಿಯೂ ಹಿಕ್ಕೆಯಲ್ಲಿ ಸ್ವಲ್ಪ ವೈರಸ್ ಬಿಡಬಹುದು. ಒಂದು ಮನೆಯವರು ಹಾಕಿಸಿ ಹತ್ತು ಮನೆಯವರು ಬಿಟ್ಟರೆ ರೋಗ ಬೀದಿಯಲ್ಲೇ ಸುತ್ತುತ್ತದೆ. ನಮ್ಮ ಕೋಳಿಗೆ ಬೇಲಿ ಗೊತ್ತಿಲ್ಲ, ಊರೇ ಅದರ ಕೊಟ್ಟಿಗೆ.

ಫೆಬ್ರವರಿ ಹೊತ್ತಿಗೆ ಸರ್ಕಾರದವರು ಊರೂರಿಗೆ ಬಂದು ಕೊಕ್ಕರೆ ರೋಗದ ಲಸಿಕೆ ಹಾಕುವ ರೂಢಿ ಇದೆ. ರೋಗ ಬಿದ್ದ ಮೇಲೆ ಓಡಾಡುವ ಬದಲು ಅದಕ್ಕಿಂತ ಮುಂಚೆಯೇ ಯಾವ ಮನೆಯಲ್ಲಿ ದೊಡ್ಡವೆಷ್ಟು, ಮರಿಯೆಷ್ಟು ಅಂತ ನಮ್ಮ ವಾಚನಾಲಯದ ಬೋರ್ಡಿನಲ್ಲಿ ಬರೆದಿಡೋಣ. ಮೇಷ್ಟ್ರುಗಳು ಮಕ್ಕಳ ಕೈಲಿ ಎಣಿಸಿದರೆ ಲೆಕ್ಕದ ಪಾಠವೂ ಆದೀತು. ಮುಂಜಾನೆ ತಂಪಿನಲ್ಲೇ ಕೋಳಿಗಳನ್ನು ಮಂಕರಿಯಡಿ ಕವುಚಿಟ್ಟಿರೋಣ. ಬಂದವರನ್ನು "ಐಸು ಅದಾ ಸಾರ್? ಯಾವಾಗ ಬೆರೆಸಿದ್ರಿ?" ಅಂತ ಕೇಳೋಣ. ಕೇಳುವುದು ತಪ್ಪಲ್ಲ.

ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಅಂಗಾರೆ ಪಕ್ಕದ ಮನೇಲಿ ಸತ್ತಾಗ್ಲೇ ನಮ್ಮವ ಕಟ್ಟಾಕ್ಬೇಕಿತ್ತು" ಅಂದಳು. ಈಗ ಅವಳ ಹತ್ತಿರ ಇರುವುದು ನಾಲ್ಕೇ ಯಾಟೆ. ಈ ಸಲ ನಾಲ್ಕನ್ನೂ ಹಿಡಿದುಕೊಡುತ್ತೇನೆ ಅಂದಿದ್ದಾಳೆ.