ಮಧ್ಯಕಿವಿಯ ದ್ರವಶೇಖರಣೆ

ತೀವ್ರ ಸೋಂಕಿನ ಲಕ್ಷಣಗಳಿಲ್ಲದೆ ಕಿವಿತಮಟೆಯ ಹಿಂದೆ ದ್ರವ ಉಳಿದುಕೊಳ್ಳುವ ಸ್ಥಿತಿ. ದ್ರವ ಗೋಂದಿನಂತೆ ಗಟ್ಟಿಯಾಗಿದ್ದರೆ ‘ಗ್ಲೂ ಇಯರ್’ ಎನ್ನುತ್ತಾರೆ. ಕಿವಿಸೋಂಕು ಅಥವಾ ನೆಗಡಿಯ ನಂತರ, ಮುಖ್ಯವಾಗಿ ಚಿಕ್ಕ ಮಕ್ಕಳಲ್ಲಿ ಕಾಣುತ್ತದೆ.

ಕಾರಣ: ಮಧ್ಯಕಿವಿಯನ್ನು ಮೂಗಿನ ಹಿಂಭಾಗಕ್ಕೆ ಜೋಡಿಸುವ ಯುಸ್ಟೇಶಿಯನ್ ನಾಳ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಅಡ್ಡ. ಊತದಿಂದ ಅದು ಮುಚ್ಚಿದರೆ ಗಾಳಿಯಾಡದೆ ದ್ರವ ನಿಲ್ಲುತ್ತದೆ. ಅಡಿನಾಯ್ಡ್ (ಮೂಗಿನ ಹಿಂಭಾಗದ ಅಂಗಾಂಶ) ಹಿಗ್ಗುವುದು, ಸೀಳುಅಂಗುಳ, ತಂಬಾಕಿನ ಹೊಗೆ ಪೂರಕ ಕಾರಣಗಳು.

ಲಕ್ಷಣ: ಕಿವಿ ಕಟ್ಟಿದಂತಾಗುವುದು, ಸಾಮಾನ್ಯವಾಗಿ ಸೌಮ್ಯ ಶ್ರವಣದೋಷ. ಮಗು ಟಿವಿಯ ದನಿ ಏರಿಸುತ್ತದೆ, ಹಿಂದಿನಿಂದ ಕರೆದರೆ ಓಗೊಡುವುದಿಲ್ಲ.

ಪತ್ತೆ: ಓಟೋಸ್ಕೋಪ್ ಮತ್ತು ಟಿಂಪನೊಮೆಟ್ರಿ (ತಮಟೆಯ ಚಲನೆ ಅಳೆಯುವ ಪರೀಕ್ಷೆ). ದ್ರವ ತುಂಬಿದ ಕಿವಿಯ ಟಿಂಪನೊಮೆಟ್ರಿ ನಕ್ಷೆಯಲ್ಲಿ ಶಿಖರವಿಲ್ಲದ ಚಪ್ಪಟೆ ಗೆರೆ ಮೂಡುತ್ತದೆ.

ಚಿಕಿತ್ಸೆ: ಬಹುಪಾಲು ಪ್ರಕರಣಗಳಲ್ಲಿ ದ್ರವ 3 ತಿಂಗಳೊಳಗೆ ತಾನೇ ಇಳಿಯುವುದರಿಂದ ಮೊದಲ ಕ್ರಮ ಕಾದು ನೋಡುವುದು. ಮೂಗಿನ ಹೊಳ್ಳೆಯಿಂದ ಬಲೂನು ಊದುವ ಅಭ್ಯಾಸ ನಾಳ ತೆರೆಯಲು ನೆರವಾಗಬಹುದು. ಆಂಟಿಬಯಾಟಿಕ್, ಆಂಟಿಹಿಸ್ಟಮಿನ್, ಸ್ಟೀರಾಯ್ಡ್‌ಗಳನ್ನು ವಾಡಿಕೆಯಾಗಿ ಶಿಫಾರಸು ಮಾಡುವುದಿಲ್ಲ. ಮನೆಮದ್ದಾಗಿ ಹಾಕುವ ಬೆಚ್ಚನೆಯ ಬೆಳ್ಳುಳ್ಳಿ ಎಣ್ಣೆ ಅಖಂಡ ತಮಟೆಯನ್ನು ದಾಟಿ ದ್ರವವನ್ನು ಮುಟ್ಟದು. ತಮಟೆ ತೂತಾಗಿದ್ದರೆ ಹಾನಿಕರ. 3 ತಿಂಗಳು ಮೀರಿ ದ್ರವ ಉಳಿದು ಶ್ರವಣ ಕುಗ್ಗಿದರೆ ತಮಟೆ ಸೀಳಿ ಗ್ರೊಮೆಟ್ ಎಂಬ ಕಿರುನಳಿಕೆ ಕೂರಿಸಬಹುದು; ಅದು ಸಾಮಾನ್ಯವಾಗಿ 6–12 ತಿಂಗಳಲ್ಲಿ ತಾನೇ ಕಳಚಿಬೀಳುತ್ತದೆ. ಇಂಥ ನಳಿಕೆಯ ಆಧುನಿಕ ಬಳಕೆಯನ್ನು 1954ರಲ್ಲಿ ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಜಾರಿಗೆ ತಂದರು.

ಮಹತ್ವ: ದೀರ್ಘಕಾಲ ಉಳಿದರೆ ಮಾತು, ಕಲಿಕೆ ಹಿಂದೆಬೀಳಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶ್ರವಣ ತಪಾಸಣೆ, ತರಬೇತಿ ನೀಡುವ ಪ್ರಮುಖ ಕೇಂದ್ರ.