ಶಿಶುಪಾಲನೆ ಮತ್ತು ಶಿಶುಶಿಕ್ಷಣ: ಒಂದು ಚಾರಿತ್ರಿಕ ಅವಲೋಕನ



ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಅದಕ್ಕೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮಲ್ಲಿದೆ. ಮಾತು ಬಾರದ, ಅಕ್ಷರವರಿಯದ, ತಾಯಿಯ ಮಡಿಲಿನಿಂದ ಇನ್ನೂ ಕೆಳಗಿಳಿಯದ ಜೀವವೂ ಸಂಸ್ಕಾರಕ್ಕೆ ಅರ್ಹವೆಂಬ ಭಾವನೆ ಈ ಆಚರಣೆಯ ಹಿಂದಿದೆ. ಮೊದಲು ಸಾಕುವುದು, ಆಮೇಲೆ ಕಲಿಸುವುದು ಎಂಬ ವಿಭಜನೆಯನ್ನು ಅದು ಒಪ್ಪುವುದಿಲ್ಲ. ಆದರೆ ತಂದೆತಾಯಿಗಳಿಬ್ಬರೂ ಕಾಯಕಕ್ಕೆ ಹೊರಡುವ ಇಂದಿನ ಮನೆಗಳಲ್ಲಿ ಎರಡು ಮೂರು ವರ್ಷದ ಮಗುವಿನ ಮುಂದೆ ಎರಡು ಬೇರೆಬೇರೆ ಬಾಗಿಲುಗಳಿವೆ. ಒಂದು, ದಿನವಿಡೀ ಮಗುವನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರ. ಇನ್ನೊಂದು, ಕೆಲವು ಗಂಟೆಗಳ ಕಾಲ ಕಲಿಸಿ ಕಳುಹಿಸುವ ನರ್ಸರಿ ಶಾಲೆ. ಯಾವುದನ್ನು ಆರಿಸಬೇಕು? ಉತ್ತರ ಹುಡುಕುವ ಮುನ್ನ, ಈ ಬಾಗಿಲುಗಳು ಎರಡಾದದ್ದು ಹೇಗೆಂಬುದನ್ನು ಇತಿಹಾಸದಲ್ಲಿ ನೋಡುವುದು ಉಚಿತ.

ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕೂಸನ್ನು ಮಲಗಿಸಿ ಕಳೆ ತೆಗೆಯುವ ತಾಯಿ ನಮಗೆ ಅಪರಿಚಿತಳಲ್ಲ. ಕೆಲಸವೂ ಕೂಸೂ ಒಂದೆಡೆ ಇದ್ದಷ್ಟು ಕಾಲ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಆದರೆ ಗಿರಣಿಯ ಯಂತ್ರಕ್ಕೆ ಜೋಲಿ ಕಟ್ಟಲು ಬರುವುದಿಲ್ಲ. ಆದ್ದರಿಂದಲೇ ಶಿಶುಸಂಸ್ಥೆಗಳ ಆಧುನಿಕ ಚರಿತ್ರೆ ಬಹುಮಟ್ಟಿಗೆ ಗಿರಣಿಗಳ ನೆರಳಿನಲ್ಲಿ ಬೆಳೆಯಿತು.

ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಎಂಬಲ್ಲಿ ಹತ್ತಿಯ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್ 1816ರಲ್ಲಿ ಕಾರ್ಮಿಕರ ಎಳೆಯ ಮಕ್ಕಳಿಗಾಗಿ ಒಂದು ಶಾಲೆ ತೆರೆದನು. ನಡೆಯಬಲ್ಲ ಕೂಸುಗಳಿಗೂ ಅಲ್ಲಿ ಪ್ರವೇಶವಿತ್ತು. ಅವನು ಆರಿಸಿದ ಗುರು ಪಂಡಿತನಲ್ಲ. ಜೇಮ್ಸ್ ಬುಕಾನನ್ ಎಂಬ ಸಾಮಾನ್ಯ ನೇಕಾರ. ಅವನಿಗೆ ಸಹಾಯಕಳಾಗಿ ಮಾಲಿ ಯಂಗ್ ಎಂಬ ತರುಣಿ ಇದ್ದಳು. ಮಕ್ಕಳನ್ನು ಹೊಡೆಯಬಾರದು, ಬೆದರಿಸಬಾರದು, ಪುಸ್ತಕಗಳಿಂದ ಪೀಡಿಸಬಾರದು ಎಂಬುದು ಓವೆನ್ನನ ಕಟ್ಟಪ್ಪಣೆ. ಹಾಡು, ಕುಣಿತ, ಬಯಲಿನ ಆಟ ಹಾಗೂ ಸುತ್ತಣ ವಸ್ತುಗಳ ಕುರಿತ ಮಾತುಕತೆಗಳೇ ಅಲ್ಲಿನ ಪಾಠವಾಗಿದ್ದವು. ಜೇಡರ ದಾಸಿಮಯ್ಯನವರನ್ನು ಬಲ್ಲ ನಮಗೆ ನೇಕಾರನೊಬ್ಬ ಗುರುವಾದದ್ದು ಆಶ್ಚರ್ಯವೆನಿಸದು. ಪಾಲನೆ ಯಾವುದು, ಶಿಕ್ಷಣ ಯಾವುದು ಎಂದು ಆ ಶಾಲೆಯಲ್ಲಿ ಗೆರೆ ಎಳೆಯುವುದು ಸಾಧ್ಯವಿರಲಿಲ್ಲ.

ಗೆರೆ ಮೂಡಿದ್ದು ಆನಂತರ. ಪ್ಯಾರಿಸ್ಸಿನಲ್ಲಿ ಫಿರ್ಮಾಂ ಮಾರ್ಬೊ ಎಂಬ ಸಜ್ಜನನು ಬಡವರ ಮಕ್ಕಳ ಆಶ್ರಯಶಾಲೆಗಳನ್ನು ಪರಿಶೀಲಿಸಿದಾಗ, ಎರಡು ವರ್ಷಕ್ಕಿಂತ ಚಿಕ್ಕ ಕೂಸುಗಳಿಗೆ ಅಲ್ಲಿ ಸ್ಥಳವಿಲ್ಲದಿರುವುದನ್ನು ಕಂಡನು. ದುಡಿಯುವ ತಾಯಿಯು ಆ ಕೂಸನ್ನು ಎಲ್ಲಿ ಬಿಡಬೇಕು? ಈ ಚಿಂತೆಯಿಂದ 1844ರ ನವೆಂಬರಿನಲ್ಲಿ ಮೊದಲ ‘ಕ್ರೆಷ್’ ಆರಂಭವಾಯಿತು. ಈ ಫ್ರೆಂಚ್ ಪದಕ್ಕೆ ದನಗಳಿಗೆ ಮೇವು ಹಾಕುವ ಗೋದಲಿ ಎಂಬ ಅರ್ಥವಿದೆ. ಕ್ರಿಸ್ತನನ್ನು ಮಲಗಿಸಿದ ಗೋದಲಿಯ ಸ್ಮರಣೆ ಆ ಹೆಸರಿನಲ್ಲಿದೆ. ತಾಯಂದಿರು ಕೆಲಸದ ನಡುವೆ ಬಂದು ಹಾಲೂಡಿಸಿ ಹೋಗುತ್ತಿದ್ದರು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಬೇರೊಂದು ದಾರಿಯಿಂದ ಮಗುವಿನ ಬಳಿಗೆ ಬಂದನು. 1837ರಲ್ಲಿ ಬ್ಲಾಂಕೆನ್‌ಬರ್ಗ್‌ನಲ್ಲಿ ಆರಂಭಿಸಿದ ತನ್ನ ಸಂಸ್ಥೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಮಗುವು ಸಸಿ, ಗುರುವು ತೋಟಗಾರ. ಆಟವೇ ಮಗುವಿನ ಕಾಯಕವೆಂಬುದು ಅವನ ನಂಬಿಕೆಯ ಸಾರ. ಈ ತೋಟ ನಿರೀಶ್ವರವಾದವನ್ನು ಬೆಳೆಸುತ್ತದೆಂದು ಶಂಕಿಸಿದ ಪ್ರಷ್ಯಾ ಸರಕಾರ 1851ರಲ್ಲಿ ಅದನ್ನು ನಿಷೇಧಿಸಿತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡನು. 1860ರಲ್ಲಿ ನಿಷೇಧ ತೆರವಾದುದನ್ನು ಕಾಣಲು ಅವನು ಉಳಿದಿರಲಿಲ್ಲ.

ಹೀಗೆ ಗೋದಲಿಯು ಬಡವರ ಪಾಲಿಗೂ, ತೋಟವು ಬಹುಮಟ್ಟಿಗೆ ಅನುಕೂಲಸ್ಥರ ಪಾಲಿಗೂ ಬಂದಿತು. ಒಂದರಲ್ಲಿ ಹೊಟ್ಟೆಯ ಚಿಂತೆ, ಇನ್ನೊಂದರಲ್ಲಿ ಬುದ್ಧಿಯ ಚಿಂತೆ. ವಾಚಕರು ಗಮನಿಸಬೇಕಾದುದು ಇದನ್ನೇ: ಈ ಭೇದವು ಮಗುವಿನ ಸ್ವಭಾವದಿಂದ ಹುಟ್ಟಿದುದಲ್ಲ, ತಂದೆತಾಯಿಗಳ ಸ್ಥಿತಿಗತಿಗಳಿಂದ ಹುಟ್ಟಿದುದು.

ಇದನ್ನು ಮರಿಯಾ ಮಾಂಟೆಸ್ಸೊರಿ ಕಣ್ಣಾರೆ ತೋರಿಸಿಕೊಟ್ಟರು. ರೋಮಿನ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ಕಾರ್ಮಿಕರು ದುಡಿಯಲು ಹೋದಾಗ ಅವರ ಮಕ್ಕಳು ಕಟ್ಟಡವನ್ನು ಹಾಳುಮಾಡುತ್ತಾರೆಂದು, ಅವರನ್ನು ಕಾಯಲಿಕ್ಕಾಗಿ ಅದರ ಮಾಲೀಕರು ಒಂದು ಕೋಣೆಯನ್ನು ಬಿಟ್ಟುಕೊಟ್ಟರು. 1907ರ ಜನವರಿ 6ರಂದು ಆರಂಭವಾದ ಆ ‘ಮಕ್ಕಳ ಮನೆ’ಯಿಂದಲೇ ಜಗತ್ತಿಗೆ ಹೊಸದೊಂದು ಶಿಕ್ಷಣ ಪದ್ಧತಿ ದೊರೆಯಿತು. ಕಾವಲಿಗೆಂದು ತೆರೆದ ಕೋಣೆ ಕಲಿಕೆಯ ಮಂದಿರವಾಯಿತು.

1939ರಲ್ಲಿ ಮಾಂಟೆಸ್ಸೊರಿ ಅವರು ಮದರಾಸಿನ ಅಡಯಾರಿಗೆ ಬರುವ ಮುನ್ನವೇ ಅವರ ವಿಚಾರಗಳು ನಮ್ಮ ದೇಶದಲ್ಲಿ ಬೇರೂರಿದ್ದವು. ವಕೀಲ ವೃತ್ತಿಯನ್ನು ತೊರೆದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಸಹವರ್ತಿ ತಾರಾಬಾಯಿ ಮೋಡಕ್ 1945ರಲ್ಲಿ ಇಂದಿನ ಮಹಾರಾಷ್ಟ್ರದ ಬೋರ್ಡಿ ಗ್ರಾಮಕ್ಕೆ ಹೋದಾಗ, ಬಡವರ ಮಕ್ಕಳು ಶಾಲೆಗೆ ಬರಲಾರರೆಂಬುದು ತಿಳಿಯಿತು. ಹಾಗಾದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದರು. ‘ಅಂಗನವಾಡಿ’ ಎಂಬ ಹೆಸರಿನ ಹಿಂದೆ ಈ ನಡೆಯಿದೆ. ದೊಡ್ಡ ಮಕ್ಕಳ ಕಂಕುಳಲ್ಲಿ ತಮ್ಮ ತಂಗಿಯರಿದ್ದರು. ಆದ್ದರಿಂದ ತಾರಾಬಾಯಿ ಮತ್ತು ಅನುತಾಯಿ ವಾಘ್ ಅವರು ಕೂಸುಗಳ ಪಾಲನಾಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆ ಬೆಸೆದರು.

ಕಾನೂನು ಮಾತ್ರ ಹಳೆಯ ಗೆರೆಯ ಮೇಲೆಯೇ ನಡೆಯಿತು. 1948ರ ಕಾರ್ಖಾನೆ ಕಾಯಿದೆಯು 50ಕ್ಕಿಂತ ಹೆಚ್ಚು ಸ್ತ್ರೀಯರು ದುಡಿಯುವಲ್ಲಿ ಶಿಶುಗೃಹವನ್ನು ಕಡ್ಡಾಯಗೊಳಿಸಿತು. 1976ರಲ್ಲಿ ಈ ಸಂಖ್ಯೆಯನ್ನು 30ಕ್ಕೆ ಇಳಿಸಲಾಯಿತು. 1951ರ ಪ್ಲಾಂಟೇಶನ್ ಕಾಯಿದೆಯು ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೂ ಅಂತಹ ಹೊಣೆಯನ್ನು ವಿಧಿಸಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ನಮ್ಮ ನಾಡಿನಲ್ಲಿ ಅದಕ್ಕೆ ಮೊದಲು ಸ್ಥಳವಾದದ್ದು ತಿರುಮಕೂಡಲು ನರಸೀಪುರ. ಅನ್ನವನ್ನೂ ಆಟಪಾಠವನ್ನೂ ಒಂದೇ ಸೂರಿನಡಿ ತಂದ ಈ ಯೋಜನೆಯ ಉಪಕಾರ ದೊಡ್ಡದು. ಆದರೂ ಅದರ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದವರಿಗೆ. ಕೂಲಿಯ ತಾಯಿ ಮರಳುವ ಮುನ್ನವೇ ಕೇಂದ್ರದ ಬಾಗಿಲು ಮುಚ್ಚುವುದುಂಟು. ಈ ಕೊರತೆಯನ್ನು ತುಂಬಲೆಂದೇ 2023ರಲ್ಲಿ ಕರ್ನಾಟಕ ಸರಕಾರವು ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ಯೋಜನೆಯನ್ನು ಘೋಷಿಸಿತು.

ಈ ಚರಿತ್ರೆಯಿಂದ ತಾವು ಗ್ರಹಿಸಬೇಕಾದುದೇನು? ಫಲಕದ ಮೇಲಿನ ಹೆಸರನ್ನು ನೋಡಿ ಮಗುವನ್ನು ಒಪ್ಪಿಸಬೇಡಿ. ಮೂರು ತುಂಬದ ಕೂಸಿಗೆ ಪದೇ ಪದೇ ಬದಲಾಗದ ಒಂದು ಮಡಿಲು, ಶುಚಿಯಾದ ಆಹಾರ, ನೆಮ್ಮದಿಯ ನಿದ್ರೆ, ಅಕ್ಕರೆಯ ಮಾತು ಇವೆಯೇ ಎಂದು ನೋಡಿರಿ. ಅದಕ್ಕೆ ಅದೇ ಶಾಲೆ. ಮೂರು ದಾಟಿದ ಮಗುವಿಗೆ ಆಟ, ಹಾಡು, ಕಥೆ, ಒಡನಾಡಿಗಳು ಇರಲಿ. ಬಳಪ ಹಿಡಿಸುವ ಆತುರ ಬೇಡ. ಆ ವಯಸ್ಸಿನಲ್ಲೂ ಹಸಿವು ನಿದ್ರೆಗಳನ್ನು ಗಮನಿಸದ ಶಾಲೆ ಶಾಲೆಯಲ್ಲ. ಮಗುವಿನೊಡನೆ ಮಾತನಾಡದ ಪಾಲನಾಗೃಹವು ಪಾಲನೆಯೂ ಅಲ್ಲ.

ಶ್ರೀಮಠದ ಪ್ರಸಾದನಿಲಯದಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅನ್ನ, ಅಕ್ಷರ, ಆಶ್ರಯಗಳು ಒಂದೇ ದಾಸೋಹದ ಮೂರು ಮುಖಗಳೆಂಬುದನ್ನು ತಾವು ಉಂಡು ಕಲಿತವರು. ಇಂದು ಊರೂರುಗಳಲ್ಲಿ ಭಕ್ತರು ಕೂಡಿ ನರ್ಸರಿ ಶಾಲೆ ತೆರೆಯಲು ಉತ್ಸುಕರಾಗಿದ್ದಾರೆ. ಅದು ಸ್ವಾಗತಾರ್ಹವೇ. ಆದರೆ ಸಮವಸ್ತ್ರದ ಬಣ್ಣವನ್ನು ನಿಶ್ಚಯಿಸುವ ಮೊದಲು, ಆ ಊರಿನ ಕೂಲಿಯ ತಾಯಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತಾಳೆ, ಸಂಜೆ ಎಷ್ಟು ಹೊತ್ತಿಗೆ ಮರಳುತ್ತಾಳೆ ಎಂದು ವಿಚಾರಿಸಿರಿ. ಅಷ್ಟು ಹೊತ್ತು ತೆರೆದಿರುವ ಬಾಗಿಲನ್ನು ಕಟ್ಟಿರಿ. ಅವಳ ಕಾಯಕಕ್ಕೆ ನಾವು ಸಲ್ಲಿಸಬಹುದಾದ ದಾಸೋಹವದು.